ನೀರಿಗೆ ಬಿಟ್ಟ ಜಾಗ

ಹಳೆ ಬಂದರು ಬೀದಿ
ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಣ್ಣಾ,

ಮೊಣಕಾಲು ನೋವು ಹೇಗಿದೆ? ಹಡಗಿನ ಏಣಿಗಳನ್ನು ದಿನಕ್ಕೆ ಮೂವತ್ತು ಸಲ ಹತ್ತಿಳಿಯುವವನಿಗೆ ವಿಶ್ರಾಂತಿ ತೆಗೆದುಕೋ ಎನ್ನುವುದು ಗೋಡೆಗೆ ಹೇಳಿದಂತೆ. ಆದರೂ ಹೇಳುತ್ತೇನೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ನಿಜವಾಗಿ ಈ ವಾರ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಕಿಟಕಿಯ ಹತ್ತಿರ ಹೋಗಿಬಂದೆ. ಅಲ್ಲಿ ನೋಡುವಂಥದ್ದೇನೂ ಇಲ್ಲ, ನೀರು ಅಷ್ಟೇ.

ನಮ್ಮ ಬೀದಿಯವರೆಲ್ಲ ಸೇರಿ ಹಳೆ ಬಂದರಿಗೆ ಮುಂದಿನ ಐವತ್ತು ವರ್ಷದ ಯೋಜನೆ ಮಾಡುತ್ತಿದ್ದೇವೆಂದು ಹಿಂದೆ ಬರೆದಿದ್ದೆ. ನಾಳೆಯ ಅಡುಗೆಯೇ ತೀರ್ಮಾನವಾಗದ ಮನೆಯವಳು ಐವತ್ತು ವರ್ಷದ ಮಾತಾಡುತ್ತಾಳೆಂದು ನೀನು ನಕ್ಕಿರಬೇಕು. ಎರಡು ವರ್ಷ ಶಾಲೆಯ ಹಾಲ್‌ನಲ್ಲಿ ನಕ್ಷೆ ಹಾಸಿಕೊಂಡು, ನೆಲದ ಮೇಲೆ ಕೂತು ಜಗಳವಾಡಿದ್ದೇವೆ. ಇನ್ನೂರು ವರ್ಷದ ಕಲ್ಲಿನ ಉಗ್ರಾಣ ಉಳಿಯಬೇಕು, ಮೆಟ್ಟಿಲು ಉಳಿಯಬೇಕು, ಮರ ಎಲ್ಲಿ, ದೋಣಿ ಎಳೆಯುವ ದಾರಿ ಎಲ್ಲಿ. ಸಹಾಯಕ್ಕೆ ಬಂದ ಎಂಜಿನಿಯರಮ್ಮ ತನ್ನದೇನನ್ನೂ ಹೇರದೆ ನಾವು ಹೇಳಿದ್ದನ್ನೆಲ್ಲ ಬರೆದುಕೊಂಡಳು. ಪ್ರತಿ ದೊಡ್ಡ ಉಬ್ಬರಕ್ಕೂ ನೀರು ಎಲ್ಲಿಯವರೆಗೆ ಬಂತೆಂದು ನಾವೇ ಗೂಟ ಹೊಡೆದೆವು. ಈ ವರ್ಷದ ಗೂಟಗಳು ಹೋದ ವರ್ಷದವಕ್ಕಿಂತ ಎರಡು ಗೇಣು ಒಳಗಿವೆ.

ಕಷ್ಟ ಶುರುವಾದದ್ದು ಅಲ್ಲಿಂದ. ದಡದ ಗೋಡೆ ಎತ್ತರಿಸಿದರೆ ಉಗ್ರಾಣವೇನೋ ಉಳಿಯುತ್ತದೆ, ಆದರೆ ತಡೆದ ನೀರು ಪಕ್ಕಕ್ಕೆ ತಿರುಗಿ ಕೆಳಬೀದಿಯ ಹದಿನೆಂಟು ಮನೆಗಳಿಗೆ ನುಗ್ಗುತ್ತದೆ. ಅದು ಹರಡಿಕೊಳ್ಳಲು ಎಲ್ಲಾದರೂ ಜಾಗ ಬಿಡಬೇಕು. ತಗ್ಗಾಗಿ, ಅಗಲವಾಗಿ ಇರುವುದು ಒಂದೇ ಜಾಗ: ನಮ್ಮಿಬ್ಬರ ಹೆಸರಿನಲ್ಲಿರುವ ಅಪ್ಪನ ದೋಣಿ ಶೆಡ್ಡು. ಅದನ್ನು ಕಿತ್ತು, ನೆಲ ತಗ್ಗಿಸಿ, ಜೊಂಡು ಬೆಳೆಸಬೇಕು. ನಕ್ಷೆಯಲ್ಲಿ ಎಲ್ಲರಿಗೂ ಅದು ಕಾಣುತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ನಾನು ಇಂದಿಗೂ ಅಲ್ಲೇ ದೋಣಿಗಳಿಗೆ ಬಣ್ಣ ಬಳಿಯುವವಳಲ್ಲವೇ. ಕೊನೆಗೆ, ಶೆಡ್ಡು ಬಿಟ್ಟುಕೊಡಲೇ ಎಂದು ಬಲೆ ಹೆಣೆಯುವ ತಾತನನ್ನು ನಾನೇ ಕೇಳಿದೆ. ಅಪ್ಪನ ಜೊತೆ ನಲವತ್ತು ವರ್ಷ ಅದೇ ಶೆಡ್ಡಿನಲ್ಲಿ ಚಹಾ ಕುಡಿದವರು. ತಲೆ ಎತ್ತದೆ, "ನನ್ನನ್ನ ಕೇಳಬೇಡ ಮಗಳೇ, ನನ್ನ ಮನೆ ಕೆಳಬೀದೀಲಿದೆ," ಅಂದರು.

ಅಂದಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ನಿನ್ನೆ ಶೆಡ್ಡು ಗುಡಿಸಿದೆ. ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. ಅಪ್ಪ ಕುಂಚ ಒರೆಸುತ್ತಿದ್ದರಲ್ಲ, ಆ ಕಂಬ ಈಗ ಬೆರಳು ದಪ್ಪ ಬಣ್ಣ ಹೊದ್ದು ನಿಂತಿದೆ. ಚಾಕುವಿನಿಂದ ಕೆರೆದರೆ ಒಂದೊಂದು ದೋಣಿಯೂ ಪದರ ಪದರವಾಗಿ ಏಳುತ್ತದೆ. ನಿನ್ನ ಮೊದಲ ದೋಣಿಯ ಹಸಿರಿನವರೆಗೆ ಕೆರೆದೆ. ಮುಂದಕ್ಕೆ ಕೈ ಬರಲಿಲ್ಲ.

ಅಮ್ಮ ಆರಾಮಾಗಿದ್ದಾಳೆ. ನಿನಗೆ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ನೀನು ಕಳಿಸಿದ ಫೋಟೋ ನೋಡಿ, ಮೊದಲು ಕೂದಲು ಕತ್ತರಿಸಿಕೊಳ್ಳಲಿ ಎಂದೂ. ಕಾಲಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ ತಂಗಿ,
ಚಡಪಡಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಹೇಳಿಬಿಡುತ್ತೇನೆ. ಶೆಡ್ಡಿನ ನನ್ನ ಅರ್ಧ ಪಾಲಿನ ಒಪ್ಪಿಗೆಗೆ ಇವತ್ತು ಬೆಳಿಗ್ಗೆ ಸಹಿ ಹಾಕಿದೆ. ನಿನ್ನನ್ನು ಕೇಳಿ ಹಾಕಬೇಕಿತ್ತು. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ನಾನೂ ಸದ್ಯ ಬದುಕಿದೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ನಿನ್ನ ಪಾಲಿನ ಕಾಗದ ಇದರೊಳಗಿದೆ. ನೀನು ಒಪ್ಪದಿದ್ದರೆ ಶೆಡ್ಡು ಉಳಿಯುತ್ತದೆ, ಯಾರೂ ಒತ್ತಾಯಿಸುವುದಿಲ್ಲ. ಆದರೆ ಬೇಡ ಎನ್ನುವುದಾದರೆ ಬರೆದು ಕಳಿಸಬೇಡ ಅಣ್ಣಾ. ಬಂದು, ಕೆಳಬೀದಿಯಲ್ಲಿ ನಿಂತು ಹೇಳು.