ಅತ್ತೆಯ ಮುಂದೆ ಕೊಟ್ಟ ಉತ್ತರ

ಶಹಾಬಾದ
ಜನವರಿ ೧೨, ೨೦೨೫

ಅಜಯಕುಮಾರ ಅವರಿಗೆ,

ಲುಂಬಿನಿಯ ಜೈಭೀಮ್. ಒಂದೂವರೆ ವರ್ಷದ ಮೇಲೆ ಹೆಂಡತಿಯ ಪತ್ರ ಬಂತೆಂದು ಗಾಬರಿಯಾಗಬೇಡಿ, ಕೆಲಸದ ವಿಷಯ. ಸುಲೇಪೇಟದ ಸುತ್ತ ನೀವು ನಡೆಸುವ ಹೆಂಗಸರ ಸಂಜೆ ಶಾಲೆಗಳಿಂದ ನಿಜವಾಗಿ ಏನು ಉಪಯೋಗವಾಗಿದೆ? ಅದರ ಮೌಲ್ಯಮಾಪನಕ್ಕೆ ಯೋಜನೆ ಹಾಕಲು ನಾನೀಗ ಕೆಲಸ ಮಾಡುವ ಸಂಸ್ಥೆ ನನಗೇ ಹೇಳಿತ್ತು.

ಮೊದಲು ನಿಮ್ಮ ಕೈಬರಹದ ವರದಿ ಓದಿದೆ. ಎಷ್ಟು ಜನ ಬಂದರು, ಎಷ್ಟು ಸ್ಲೇಟು ಹಂಚಿದಿರಿ, ಎಲ್ಲ ಇದೆ. ಒಬ್ಬಳಾದರೂ ಬಸ್ಸಿನ ಬೋರ್ಡು ಓದುತ್ತಾಳೋ ಇಲ್ಲವೋ, ಅದೊಂದು ಇಲ್ಲ! ನಿಮ್ಮ ಅಕ್ಷರ ಮಾತ್ರ ಇನ್ನೂ ಹಾಗೇ ದುಂಡಗಿದೆ. ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ.

ಹೆಂಗಸರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಒರೆಗೆ ಹಚ್ಚಲು ಚಿಮ್ಮನಚೋಡದ ಶಾಲೆಗೆ ಹೋದೆ. ಆ ದಿನ ನೀವಲ್ಲಿ ಇರುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಹೋದೆ. ನಿಮ್ಮ ಮಾಣಿಕಪ್ಪ ಮಾಸ್ತರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಒಬ್ಬ ಹೆಂಗಸು ಎಲ್ಲದಕ್ಕೂ "ಭಾಳ ಛಲೋ ಅದರಿ" ಎಂದಳು. ಮಾಸ್ತರು ಚಹಾಕ್ಕೆಂದು ಎದ್ದು ಹೋದರು ನೋಡಿ, ನನ್ನ ಮೊಣಕೈ ಹಿಡಿದು, "ತೊಗರಿ ರಾಶಿ ನಡದಾಗ ಐದಕ್ಕ ಸಾಲಿ ಇಟ್ರ ಯಾರ್ ಬರ್ತಾರವ್ವ? ನಾ ಬಿಟ್ಟು ತಿಂಗಳಾತು. ಮಾಸ್ತರ್ ಮುಂದ ಹ್ಯಾಂಗ ಹೇಳಲಿ?" ಎಂದಳು. ಆಕೆಯ ಹೆಸರು ಕೇಳಬೇಡಿ, ಹೇಳುವುದಿಲ್ಲ.

ಅಲ್ಲಿಗೆ ಯೋಜನೆ ಬದಲಿಸಿದೆ. ಕೇಳುವಾಗ ಶಾಲೆಯವರು ಯಾರೂ ಹತ್ತಿರ ಇರಬಾರದು. ಬರುವವರಿಗಿಂತ ಮೊದಲು ಬಿಟ್ಟವರನ್ನು ಕೇಳಬೇಕು. ಇಷ್ಟು ಬರೆದೆ, ಮುಂದೆ ಪೆನ್ನು ಓಡಲಿಲ್ಲ.

ನೀವೂ ನನ್ನನ್ನು ಕೇಳಿದ್ದಿರಿ, "ಇಲ್ಲಿ ಆರಾಮ ಅದೀ ಇಲ್ಲೋ?" ಎಂದು. ನಿಮ್ಮ ಅವ್ವ ಎದುರಿಗೇ ರೊಟ್ಟಿ ಬಡಿಯುತ್ತಿದ್ದರು. "ಆರಾಮ ಅದೀನ್ರಿ" ಎಂದೆ, ನೀವು ನಂಬಿಬಿಟ್ಟಿರಿ. ಹದಿನೈದು ದಿನಕ್ಕೆ ನಾನು ತವರಿಗೆ ಬಂದೆ. ನಾನೊಬ್ಬಳೇ ಇದ್ದಾಗ ಕೇಳಿದ್ದರೆ, ಅತ್ತೆ ನನ್ನ ನೌಕರಿ ಬಿಡಿಸಿದ್ದಕ್ಕೆ ಒಳಗೊಳಗೇ ಸಾಯುತ್ತಿದ್ದೇನೆ ಎನ್ನುತ್ತಿದ್ದೆ. ಬಿಟ್ಟು ಬಂದ ಮೇಲಾದರೂ ಕೇಳಲು ಬರುತ್ತೀರೆಂದು ಎಷ್ಟು ದಿನ ದಾರಿ ಕಾದೆ! ತಪ್ಪು ನನ್ನದೂ ಇದೆ, ಬಾಯಿ ಬಿಡಲಿಲ್ಲ. ನಿಮ್ಮ ನೆನಪು ಬಹಳ ಆಗುತ್ತದೆ, ಊಟಕ್ಕೆ ಕೂತಾಗಂತೂ ತಡೆಯಲಾಗುವುದಿಲ್ಲ.

ಶಾಲೆಯ ಹೊತ್ತು ಮಾತ್ರ ಬದಲಿಸಿ.

ಇಂತಿ,
ಲುಂಬಿನಿ

ತಾ.ಕ.: ಕೆಲಸದ ವಿಷಯ ಎಂದದ್ದು ಸುಳ್ಳು. ಶಾಲೆ ನಡೆಸುವವರು ನಮಗೆ ಸಂಬಂಧದಲ್ಲಿ ಏನಾಗಬೇಕೆಂದು, ಮೌಲ್ಯಮಾಪನಕ್ಕೆ ಹೋಗುವವರು ಸಂಸ್ಥೆಗೆ ಮೊದಲೇ ಬರೆದುಕೊಡುವ ನಿಯಮವಿದೆ. 'ಏನೂ ಇಲ್ಲ' ಎಂದಿದ್ದರೆ ಮೂರು ತಿಂಗಳು ನಿಮ್ಮೂರಲ್ಲೇ ಓಡಾಡಬಹುದಿತ್ತು. ಕೈ ಬರಲಿಲ್ಲ, 'ಗಂಡ' ಎಂದು ಬರೆದೆ. ನಿನ್ನೆ ಆ ಕೆಲಸ ನನ್ನ ಕೈಬಿಟ್ಟು ನಮ್ಮ ಸಂಸ್ಥೆಯ ರಶೀದಾಬೇಗಂ ಅವರಿಗೆ ಹೋಯಿತು. ಶನಿವಾರ ಮಧ್ಯಾಹ್ನ ಸುಲೇಪೇಟಕ್ಕೆ ಬರುತ್ತೇನೆ, ಯಾವ ಕೆಲಸವೂ ಇಲ್ಲದೆ. ಬಸ್ ಸ್ಟ್ಯಾಂಡಿಗೆ ಒಬ್ಬರೇ ಬನ್ನಿ.