ನಿಮ್ಮ ತಾಯಿಯವರು

ಪ್ರಾರ್ಥನಾ ಕೊಠಡಿ, ಆಸ್ಪತ್ರೆಯ ಮೂರನೇ ಮಹಡಿ
ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಭಾವ ಸಕ್ಕರೆ ಬಿಟ್ಟರೋ, ಇಲ್ಲ ಈಗಲೂ ನಿನ್ನ ಕಣ್ಣು ತಪ್ಪಿಸಿ ತಿನ್ನುತ್ತಾರೋ? ಅಮ್ಮ ಹೋಗಿ ಎರಡು ತಿಂಗಳಾಯಿತು, ನೀನು ನನ್ನ ಫೋನ್ ಎತ್ತದೆಯೂ ಎರಡು ತಿಂಗಳಾಯಿತು. ಕಾಗದವನ್ನಾದರೂ ಹರಿದುಹಾಕುವ ಮೊದಲು ಓದುತ್ತೀಯೆಂದು ಬರೆಯುತ್ತಿದ್ದೇನೆ. ನೀನು ನನ್ನ ಜೊತೆ ಮತ್ತೆ ಮಾತಾಡಬೇಕು, ನನಗೆ ಬೇಕಾದದ್ದು ಅಷ್ಟೇ.

ಅವತ್ತಿನದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ನೀನು ಇಲ್ಲೇ, ಅಮ್ಮನಿದ್ದ ವಾರ್ಡಿನ ಬಾಗಿಲಲ್ಲಿ ಅಳುತ್ತಾ ನಿಂತಿದ್ದೆ. ನಾನು ನಿನ್ನ ಕೈ ಹಿಡಿದು, “ನಿಮ್ಮ ತಾಯಿಯವರು ನೆಮ್ಮದಿಯಿಂದ ಹೋದ್ರು. ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ” ಎಂದೆ. ನೀನು ನನ್ನನ್ನೇ ದಿಟ್ಟಿಸಿ, “ಯಾರ ತಾಯಿ ಕಣೋ?” ಎಂದು ಕೇಳಿದೆ. ಆಗಲೂ ಈ ಮಂಕನಿಗೆ ಹೊಳೆಯಲಿಲ್ಲ ನೋಡು, ಕುಡಿಯಲು ನೀರು ತರಿಸಲೇ ಎಂದೆ. ಅಳುವವರ ಮುಂದೆ ದಿನಾ ಒಪ್ಪಿಸುವ ಪಾಠದಲ್ಲಿ ಮೂರನೆಯ ಮಾತೇ ಅದು.

ಒಂಬತ್ತು ವರ್ಷದಿಂದ ಸಾಯುವವರ ಪಕ್ಕ ಕೂತು ಪ್ರಾರ್ಥಿಸುವುದು, ಉಳಿದವರಿಗೆ ಸಮಾಧಾನ ಹೇಳುವುದು, ಇದೇ ನನ್ನ ಹೊಟ್ಟೆಪಾಡು. ಜೊತೆಗಿದ್ದ ಹಿರಿಯರು ನಿವೃತ್ತರಾದ ಮೇಲೆ ಇನ್ನೂರ ನಲವತ್ತು ಹಾಸಿಗೆಗೆ ನಾನೊಬ್ಬನೇ. ಮೇಲಿನವರಿಗೆ ಹೇಳಿದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ರಜೆ ಕೇಳಿದರೆ ಉಸಿರಾಟದ ತರಬೇತಿಗೆ ಕಳಿಸಿದರು, ಅದೂ ನನ್ನ ವಾರದ ರಜೆಯ ದಿನವೇ. ಸಿಬ್ಬಂದಿಯ ಊಟದ ಕೋಣೆಯಲ್ಲಿ ಹೊಸದೊಂದು ಚೀಟಿ ಅಂಟಿಸಿದ್ದಾರೆ: ಮನಸ್ಸು ದಣಿದವರು ಈ ನಂಬರಿಗೆ ಫೋನ್ ಮಾಡಬಹುದು. ನಂಬರ್ ನನ್ನದು! ನಗು ಬಂದರೆ ನಗು, ನನಗಂತೂ ಬರಲಿಲ್ಲ. ಅಳುವೂ ಬರುವುದಿಲ್ಲ ಅಕ್ಕಾ. ಅಮ್ಮನಿಗಾಗಿ ಇವತ್ತಿನವರೆಗೂ ಒಂದು ಹನಿ ಕಣ್ಣೀರು ಹಾಕಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಭಾವನಿಗೆ ನಮಸ್ಕಾರ ಹೇಳು, ಮಕ್ಕಳಿಗೆ ಮುತ್ತು ಕೊಡು. ಬೈಯುವುದಕ್ಕಾದರೂ ಒಮ್ಮೆ ಫೋನ್ ಮಾಡು.

ನಿನ್ನ ತಮ್ಮ,
ಮೊದ್ದು

ತಾ.ಕ.: ವಾರ್ಡಿನಿಂದ ಕರೆ ಬಂದಿದೆ, ಗೀಚುತ್ತಿದ್ದೇನೆ. ಇದನ್ನು ಮೊದಲೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಅವತ್ತು ಬೆಳಿಗ್ಗೆ ಹನ್ನೊಂದಕ್ಕೇ ಅಮ್ಮ ನಿನ್ನನ್ನು ಕೇಳಿದಳು. ಹೊರಟಿದ್ದಾಳೆ, ದಾರಿಯಲ್ಲಿದ್ದಾಳೆ ಎಂದೆ. ಎಲ್ಲರಿಗೂ ಹಾಗೆ ಹೇಳಿಯೇ ಮುಂದಿನ ಹಾಸಿಗೆಗೆ ಹೋಗುತ್ತೇನೆ, ಅವತ್ತೂ ಹೋದೆ. ನೀನಿನ್ನೂ ನಿನ್ನ ಮನೆಯಲ್ಲೇ ಇದ್ದೆ, ಇಲ್ಲಿಗೆ ಬರೀ ಒಂದು ಗಂಟೆಯ ದಾರಿ. ನಿನಗೆ ಫೋನ್ ಮಾಡಿದ್ದು ಎಲ್ಲ ಮುಗಿದ ಮೇಲೆ, ಎರಡೂವರೆಗೆ. ಕೊನೆಯುಸಿರಿನವರೆಗೂ ಅಮ್ಮ ಬಾಗಿಲನ್ನೇ ನೋಡುತ್ತಿದ್ದಳಂತೆ, ನರ್ಸ್ ಹೇಳಿದಳು.