ಒಳಗೆ ಬಿಟ್ಟ ಬಟ್ಟೆ

ಜುಲೈ ೧೪, ಮಂಗಳವಾರ

ಅತ್ತಿಗೆ ಇವತ್ತೂ ವಕ್ಕರಿಸಿದರು. ಕಾಯಿಲೆಯಿಂದ ಕಡ್ಡಿಯಾಗಿರುವ ನನ್ನ ಮಗಳ ಪಕ್ಕ ಕೂತು, ಅವಳಿಗೆಂದು ತಂದ ಬಿಸ್ಕತ್ತನ್ನು ತಾವೇ ಮುಗಿಸುತ್ತಾ, "ದೇವರ ಮೇಲೆ ಭಾರ ಹಾಕು, ನಂಬಿಕೆ ಇರ್ಬೇಕು" ಎಂದು ಉಪದೇಶ. ದೇವರೇನು ಇವರ ಸೋದರಮಾವನೋ!

ನಾನು ಮಗಳ ಯೂನಿಫಾರ್ಮ್ ಹೊಲಿಯುತ್ತಿದ್ದೆ. ಅದನ್ನೂ ಎತ್ತಿ ತಿರುಗಿಸಿ ನೋಡಿದರು.

"ಮೈಮೇಲೆ ಮಾಂಸವೇ ಇಲ್ಲ, ಹೊಲಿಗೆ ಒಳಗೆ ಇಷ್ಟೊಂದು ಬಟ್ಟೆ ಯಾಕೆ ಬಿಟ್ಟಿದ್ದೀಯ? ಶಾಲೆಗೆ ಹೋಗೋದೇ ಅನುಮಾನ."

"ಮೈ ತುಂಬ್ಕೊಂಡಾಗ ಬಿಚ್ಚಿ ದೊಡ್ಡದು ಮಾಡೋಕೆ" ಅಂದೆ.

ಪಾಪ, ಹುಚ್ಚಿ ಎನ್ನುವ ಹಾಗೆ ನಕ್ಕರು. ನಂಬಿಕೆ ನಂಬಿಕೆ ಎಂದು ಬಾಯಿ ಬಡಿದುಕೊಳ್ಳುವ ಹೆಂಗಸಿನ ಹತ್ತಿರ ಅದು ಎರಡು ಬೆರಳಿನಷ್ಟೂ ಇಲ್ಲ. ನಾನು ಬಿಟ್ಟ ಬಟ್ಟೆಯೇ ಹೆಚ್ಚು.

ಗುಂಡಿ ಹಚ್ಚುವುದು ಬಾಕಿ. ಕಣ್ಣು ಎಳೆಯುತ್ತಿದೆ. ದೇವರೇ, ನೀನಾದರೂ ಅವರ ಹಾಗೆ ನಗಬೇಡ.